ಎಲೆಬಳ್ಳಿಗೆಂದು ಇಂಗಿಸಿದ ನೀರು

ನನ್ನ ಮೈದುನ ನನಗೆ ಮೋಸ ಮಾಡಿದ. ಸುತ್ತಿಬಳಸಿ ಹೇಳುವ ಸ್ವಭಾವ ನನ್ನದಲ್ಲ. ಮಾಡಿದ್ದು ನೀರಿನ ವಿಷಯದಲ್ಲಿ, ಅದೂ ನನ್ನ ಕೈಯ ರೊಟ್ಟಿ ತಿಂದುಕೊಂಡು.

ನಾನು ಹುಟ್ಟಿದ್ದು ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ. ಅಲ್ಲಿ ಹೊಳೆ ಹತ್ತಿರ. ನೀರಿಗಾಗಿ ಯಾರಾದರೂ ತಲೆ ಕೆಡಿಸಿಕೊಂಡಿದ್ದನ್ನು ಮದುವೆಯಾಗುವವರೆಗೆ ನಾನು ಕಂಡಿರಲಿಲ್ಲ. ಕೊಟ್ಟಿದ್ದು ಜಗಳೂರು ತಾಲ್ಲೂಕಿನ ಹಳ್ಳಿಗೆ. ಬಂದ ಹೊಸದರಲ್ಲೇ ತವರಿನಿಂದ ವೀಳ್ಯದೆಲೆ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಹತ್ತು ಗುಂಟೆಯಲ್ಲಿ ನೆಟ್ಟೆ. "ಈ ನೆಲದಾಗೆ ಎಲೆಬಳ್ಳಿನಾ? ನಿನಗೇನು ತಲೆ ಕೆಟ್ಟೈತಾ?" ಅಂದರು ಅತ್ತೆ. ಬಳ್ಳಿ ನುಗ್ಗೆಮರ ಹಿಡಿದು ಸರಸರ ಹತ್ತಿತು. ಆಮೇಲೆ ಅದೇ ಅತ್ತೆ ಬಂದ ನೆಂಟರಿಗೆಲ್ಲ "ನಮ್ಮ ತೋಟದ ಎಲೆ, ಬಾಯಾಗಿಟ್ರೆ ಕರಗ್ತೈತೆ" ಎಂದು ಜಂಬ ಕೊಚ್ಚುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ನಾಲ್ಕು ದಿನ ನೀರು ತಪ್ಪಿದರೆ ಎಲೆಬಳ್ಳಿ ಮುಖ ಬಾಡಿಸುತ್ತದೆ, ಹದಿನೈದು ದಿನ ತಪ್ಪಿದರೆ ಸತ್ತೇ ಹೋಗುತ್ತದೆ. ನಮ್ಮ ಬೋರು ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು. ಮಳೆಯೋ, ಬಂದರೆ ಒಂದೇ ಸಂಜೆಯಲ್ಲಿ ಬದುವನ್ನೂ ಕೊಚ್ಚಿಕೊಂಡು ಹೋಗುವಷ್ಟು ಬರುವುದು, ಆಮೇಲೆ ತಿಂಗಳುಗಟ್ಟಲೆ ನಾಪತ್ತೆ. ಬಂದಾಗಲೇ ಹಿಡಿದಿಡಬೇಕು ಎಂದು ನಾನೇ ಹಟ ಹಿಡಿದು ಬೋರಿನ ಸುತ್ತ ಇಂಗುಗುಂಡಿ ತೋಡಿಸಿದೆ. ಆಳುದ್ದದ ಗುಂಡಿ; ತಳಕ್ಕೆ ದಪ್ಪಕಲ್ಲು, ಮೇಲೆ ಜಲ್ಲಿ, ಮರಳು. ಹೊಲದ ಮೇಲಿನ ನೀರೆಲ್ಲ ಹರಿದು ಬಂದು ಅದರೊಳಗೆ ಇಳಿಯಲು ಒಂದು ಕಾಲುವೆ.

ಕಲ್ಲು ಹೊತ್ತವನು ಮೈದುನ. ಬದುವಿನಾಚೆಯ ಇಳಿಜಾರಿನ ಹೊಲ ಅವನ ಪಾಲಿನದು. "ಕೂಲಿಯವರ್ನ ಯಾಕೆ ಕರೀತೀರಿ ಅತ್ತಿಗೆ, ನಾನಿಲ್ವಾ?" ಎಂದು ಎಂಟು ದಿನ ಬೆನ್ನು ಬಗ್ಗಿಸಿ ದುಡಿದ. ದಿನಾ ಮಧ್ಯಾಹ್ನ ಬಿಸಿರೊಟ್ಟಿ, ಶೇಂಗಾ ಚಟ್ನಿ ಬಡಿಸಿದೆ. ಇಂಥ ಮೈದುನ ಯಾರಿಗೆ ಸಿಗುತ್ತಾನೆ ಎಂದು ತವರಿಗೆ ಫೋನ್ ಮಾಡಿ ಹೊಗಳಿದ್ದೂ ಆಯಿತು. ಥೂ, ನನ್ನ ಬುದ್ಧಿಗಿಷ್ಟು!

ಎರಡು ಮಳೆಗಾಲ ಗುಂಡಿ ತುಂಬಿ ಇಂಗಿತು. ಬೋರು ದಿನಕ್ಕೆ ಮೂರು ಗಂಟೆ ನೀರು ಕೊಟ್ಟಿತು. ಮೂರನೆಯ ಬೇಸಿಗೆಯಲ್ಲಿ ಬದುವಿನಾಚೆ, ನಮ್ಮ ಗುಂಡಿಗೆ ಇಪ್ಪತ್ತು ಹೆಜ್ಜೆ ಕೆಳಗೆ, ಬೋರು ಕೊರೆಯುವ ಲಾರಿ ಬಂದು ನಿಂತಿತು. ನಮಗೆ ಒಂದು ಮಾತು ಹೇಳಿರಲಿಲ್ಲ. ನಮ್ಮದಕ್ಕಿಂತ ಎಷ್ಟೋ ಆಳ ಇಳಿಸಿದ. ನೀರು ಚಿಮ್ಮಿದ ಮೇಲೆ ಓಡಿ ಬಂದು, "ಅತ್ತಿಗೆ, ಮೊದಲ ಪೂಜೆ ನಿಮ್ಮ ಕೈಯಿಂದಾನೇ ಆಗ್ಬೇಕು" ಎಂದ. ಹೋದೆ. ಕುಂಕುಮ ಹಚ್ಚಿದೆ, ಕಾಯಿ ಒಡೆದೆ. ನಿಂತಿದ್ದವರಲ್ಲಿ ಒಬ್ಬರು "ಹೆಂಗಪ್ಪಾ ಸರಿಯಾಗಿ ಇಲ್ಲೇ ನೀರಿನ ಪಾಯಿಂಟ್ ಮಾಡ್ಸಿದೆ?" ಎಂದು ಕೇಳಿದರು.

"ಅತ್ತಿಗೆ ಎರಡು ವರ್ಷದಿಂದ ಮ್ಯಾಲೆ ತುಂಬಿಸ್ಕೊಂಡು ಬಂದಾರಲ್ರೀ, ನೀರು ಇಳಿಜಾರಿಗೆ ತಾನೇ ಬರೋದು?" ಎಂದು ಅವನು ಹಲ್ಲು ಕಿರಿದ. "ಕಲ್ಲು ಹೊರೋವಾಗ್ಲೇ ಈ ಜಾಗ ನೋಡಿಟ್ಟಿದ್ದೆ."

ಆರತಿ ತಟ್ಟೆಯನ್ನು ಅಲ್ಲೇ ಇಟ್ಟು ಮನೆಗೆ ಬಂದೆ. ತಿಂಗಳೊಳಗೆ ನಮ್ಮ ಬೋರು ಅರ್ಧ ಗಂಟೆಗೆ ಇಳಿಯಿತು. ಜಗಳಕ್ಕೆ ಹೋದರೆ "ಭೂಮಿ ಒಳಗೂ ಬದು ಹಾಕಾಕೆ ಆಗ್ತೈತೇನು ಅತ್ತಿಗೆ?" ಎಂದ. ನಮ್ಮ ಯಜಮಾನರು "ತಮ್ಮ ಅಲ್ವೇನೆ, ಬಿಡು ಅತ್ಲಾಗೆ" ಎಂದು ಕೈ ತೊಳೆದುಕೊಂಡರು. ಅರ್ಧ ಗಂಟೆಯ ನೀರನ್ನೇ ಸಾಲಿಗೆ ಸಾಲು ಸರದಿ ಹಾಕಿ ಬಳ್ಳಿಯ ಜೀವ ಹಿಡಿದೆ. ಎದೆಯ ಉರಿ ಮಾತ್ರ ಆರಲಿಲ್ಲ.

ಮುಂಗಾರು ಹತ್ತಿರವಾಯಿತು. "ಎಲ್ಲೋ ಪೆಸಿಫಿಕ್ ಸಮುದ್ರ ಕಾದೈತಂತೆ, ಈ ಸಲ ಮಳೆ ಕಮ್ಮಿ ಅಂತಾರೆ" ಎಂದು ಯಜಮಾನರು ಫೋನ್ ನೋಡಿ ಹೇಳಿದರು. "ಆ ಸಮುದ್ರಕ್ಕೂ ನಮ್ಮ ಜಗಳೂರಿಗೂ ಏನ್ರೀ ನಂಟು?" ಎಂದು ಗದರಿದೆ. ಮೃಗಶಿರ ಮಳೆಯ ಮೊದಲ ಮೋಡ ಕವಿದ ದಿನ ಅವರು ಊರಲ್ಲಿರಲಿಲ್ಲ. ಸಲಿಕೆ ತೆಗೆದುಕೊಂಡು ಹೋಗಿ ಗುಂಡಿಗೆ ಹೋಗುವ ಕಾಲುವೆಗೆ ಅಡ್ಡ ಮಣ್ಣು ಹಾಕಿದೆ. ನಾನು ಇಂಗಿಸುವುದು, ಅವನು ಕುಡಿಯುವುದು, ಇದು ಸಾಕು. ಒಂದು ಮಳೆ ತಪ್ಪಿ ಅವನಿಗೆ ಬುದ್ಧಿ ಬರಲಿ, ಮುಂದಿನ ಮಳೆಗೆ ತೆಗೆದರಾಯಿತು ಎಂದುಕೊಂಡೆ. ಅಬ್ಬಾ, ಅದೆಂಥ ಮಳೆ! ಕೆಂಪು ನೀರು ನಮ್ಮ ಗುಂಡಿಯ ಪಕ್ಕದಲ್ಲೇ ಹಾದು ಭೋರೆಂದು ಹಳ್ಳಕ್ಕೆ ಇಳಿಯಿತು. ಜಗುಲಿಯ ಮೇಲೆ ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ವಾರ ಬಿಟ್ಟು ಮಣ್ಣು ತೆಗೆದೆ. ಆರಿದ್ರಾ ಮಳೆ ಗಾಳಿಯಲ್ಲೇ ಹೋಯಿತು. ಪುಷ್ಯ, ಮಘೆ ಬರೀ ಮೋಡ ತೋರಿಸಿದವು. ಉತ್ತರೆ, ಹಸ್ತದ ಮೇಲೆ ಆಸೆ ಇಟ್ಟುಕೊಂಡು ದಿನಾ ಪಡುವಣ ದಿಕ್ಕು ನೋಡಿದೆ. ಆ ವರ್ಷ ನೀರು ಹರಿದದ್ದು ಆ ಒಂದೇ ಸಂಜೆ.

ದೀಪಾವಳಿ ಕಳೆಯುತ್ತಲೇ ಮೈದುನನ ಬೋರು ಗಾಳಿ ಉಗುಳಿತು. ಮೂರನೆಯ ದಿನ ನಮ್ಮದೂ ನಿಂತಿತು. ಮೋಟಾರು ಕೆಟ್ಟಿರಬೇಕು ಎಂದು ಜಗಳೂರಿನಿಂದ ಮೋಟಾರು ಎತ್ತುವ ಸಾಹೇಬರನ್ನು ಕರೆಸಿದೆವು. ಸರಪಳಿ ಎಳೆಯಲು ಮೈದುನನೂ ಬಂದ. ಸಾಹೇಬರು ಪೈಪು ಮೇಲೆತ್ತಿ ನೋಡಿದರು. "ಮೋಟಾರ್ ಸರಿಯಾಗೈತಮ್ಮ. ನಿಮ್ಮ ಬೋರಿಂದು ಅಸಲಿ ಸೆಲೆ ಯಾವತ್ತೋ ಹೋಗೈತೆ. ಇಷ್ಟು ದಿನ ಅರ್ಧ ಗಂಟೆ ಬರ್ತಿದ್ದದ್ದು ಈ ಗುಂಡಿ ನೀರೇ. ಈ ಸಲ ಇದಕ್ಕೆ ನೀರೇ ಬಿಟ್ಟಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮೈದುನ ಸಾಹೇಬರ ಮೇಲೆ ರೇಗಿದ.

"ಏನು ಮಾತು ಅಂತ ಆಡ್ತೀರಿ ಸಾಹೇಬ್ರೆ? ನಮ್ಮ ಅತ್ತಿಗೆ ಒಂದು ಹನಿನೂ ಪೋಲು ಮಾಡೋರಲ್ಲ. ಮಳೆನೇ ಕೈ ಕೊಡ್ತು, ಅವರೇನು ಮಾಡ್ತಾರೆ?"

"ಹೌದು, ಮಳೆನೇ ಬರಲಿಲ್ಲ" ಎಂದೆ.

ಹದಿನೈದು ದಿನಕ್ಕೆ ಬಳ್ಳಿಯೆಲ್ಲ ಕಪ್ಪಾಯಿತು. ಒಣ ಬಳ್ಳಿಯನ್ನು ಮರದಿಂದ ಬಿಡಿಸಿ ರಾಶಿ ಹಾಕುವಾಗ ಮೈದುನ ಹಾಳಾದ ಮಳೆ ಎಂದು ಬೈಯುತ್ತಲೇ ಇದ್ದ. ನಾನು ಪಕ್ಕದಲ್ಲಿ ನಿಂತು ಪ್ರತಿ ಮಾತಿಗೂ ಹ್ಞೂಂಗುಟ್ಟಿದೆ.