ವಾಸಪ್ಪನ ಆರುನೂರು ಕ್ಯಾಸೆಟ್ಟು

ಬಾಳಗಡಿಯಲ್ಲಿ ವಾಸಪ್ಪನ ಕ್ಯಾಸೆಟ್ ಅಂಗಡಿ ಇದ್ದ ಕಾಲಕ್ಕೆ ನಾನು ಅಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಮೂರನೇ ದಿನ ಕೊಡುತ್ತಿದ್ದ. ಪಟ್ಟಿಯಲ್ಲಿ ಅವನಿಗೆ ಹಿಡಿಸದ ಹಾಡಿದ್ದರೆ ಅದನ್ನು ಹೊಡೆದುಹಾಕಿ ತನಗೆ ಸರಿಕಂಡದ್ದನ್ನು ಸೇರಿಸುತ್ತಿದ್ದ. ಕೇಳಿದರೆ, "ಕಿವಿ ಇದ್ದವ್ರು ಕೇಳೋದು ಇದು, ಮಾರಾಯ," ಎನ್ನುತ್ತಿದ್ದ. ನಾವು ಒಪ್ಪಿಕೊಳ್ಳುತ್ತಿದ್ದೆವು. ಅವನ ಕಿವಿ ನಿಜಕ್ಕೂ ಹಾಗಿತ್ತು. ಟೇಪು ಒಂದು ಚೂರು ನಿಧಾನ ಓಡಿದರೂ ಹಿಡಿಯುತ್ತಿದ್ದ.

ಮಾರಾಟದ್ದು ಬೇರೆ, ಅವನ ಸ್ವಂತದ್ದು ಬೇರೆ. ಸ್ವಂತದ ಆರುನೂರು ಚಿಲ್ಲರೆ ಕ್ಯಾಸೆಟ್ಟುಗಳು ಅಂಗಡಿಯ ಹಿಂದಿನ ಮನೆಯಲ್ಲಿ, ಗೋಡೆಗೆ ಹೊಡೆಸಿದ ಹಲಗೆಗಳ ಮೇಲಿದ್ದವು. ಹೆಂಡತಿ ಸುಮಲತಾ ಅವನ್ನು ಮುಟ್ಟುವ ಹಾಗಿರಲಿಲ್ಲ. ಮದುವೆಯಾದ ವರ್ಷವೇ, ಧೂಳು ಒರೆಸಲು ಹೋಗಿ ಎರಡನ್ನು ಅದಲುಬದಲು ಇಟ್ಟಳೆಂದು, ಅಡಿಪಟ್ಟಿಯಿಂದ ಅವಳ ಕೈಗೆ ಹೊಡೆದಿದ್ದ.

ಸುಮಲತಾ ಬೇಗಾರಿನವಳು. ಅಡಿಕೆ ಸುಲಿಯುವ ಹೆಂಗಸರ ಜೊತೆ ಕೂತು ಹಾಡು ಕಲಿತವಳು. ಪಾತ್ರೆ ತೊಳೆಯುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ವಾಸಪ್ಪ ಬಚ್ಚಲಿನ ಗೋಡೆಯ ಈಚೆ ಟೇಪ್‌ರೆಕಾರ್ಡರ್ ಇಟ್ಟು ಅದನ್ನು ರೆಕಾರ್ಡ್ ಮಾಡಿದ. ಮಾರನೆಯ ದಿನ ಅಂಗಡಿಯ ಸ್ಪೀಕರಿನಲ್ಲಿ ಹಾಕಿದ. ಪಾತ್ರೆಯ ಸದ್ದು, ನಡುವೆ ಕೆಮ್ಮು, ಮತ್ತೆ ಹಾಡು.

"ಯಾರು ಹೇಳಿ ನೋಡುವ. ನಮ್ಮನೆ ಗಾಯಕಿ," ಎಂದ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಂಡನನ್ನು ಊಟಕ್ಕೆ ಕರೆಯಲು ಬಂದ ಸುಮಲತಾ ಹಿಂಬಾಗಿಲಲ್ಲಿ ನಿಂತಿದ್ದನ್ನು ನಾವು ನೋಡಿದ್ದು ಆಮೇಲೆ.

ಎರಡು ದಿನ ಬಿಟ್ಟು ಅವಳು ಆ ಕ್ಯಾಸೆಟ್ ಕೊಡಿ ಎಂದು ಕೇಳಿದಳಂತೆ. "ಅದ್ರ ಮೇಲೆ ಆಗ್ಲೇ ಬೇರೆ ತುಂಬ್ಸಿ ಕೊಟ್ಟಾಯ್ತು. ಖಾಲಿ ಕ್ಯಾಸೆಟ್ ಎಂತ ಮರದಲ್ಲಿ ಬಿಡ್ತದಾ?" ಎಂದನಂತೆ ವಾಸಪ್ಪ. ಅವಳು ಮತ್ತೆ ಹಾಡಲಿಲ್ಲ.

ಸಿಡಿ ಬಂತು, ಮೊಬೈಲ್ ಬಂತು, ಅಂಗಡಿ ಮುಚ್ಚಿತು. ಮಗಳು ನಯನಳನ್ನು ನರಸಿಂಹರಾಜಪುರಕ್ಕೆ ಕೊಟ್ಟರು. ಸಕ್ಕರೆ ಕಾಯಿಲೆಯಿಂದ ವಾಸಪ್ಪನ ಎರಡೂ ಕಣ್ಣು ಹೋದವು. ಮುಟ್ಟಬಾರದಿದ್ದ ಕ್ಯಾಸೆಟ್ಟುಗಳ ಕೆಲಸವೆಲ್ಲ ಆಗ ಸುಮಲತಾಳ ಪಾಲಿಗೆ ಬಂತು. "ಮೂರ್ನೇ ಹಲಗೆ, ಎಡಗಡೆಯಿಂದ ಹನ್ನೊಂದು," ಎಂದು ಅವನು ಕೂತಲ್ಲಿಂದ ಹೇಳುತ್ತಿದ್ದ. ತಪ್ಪಿದರೆ ಬೈಗುಳ. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬೇಕು, ಟೇಪಿನ ಹೆಡ್ಡನ್ನು ಹತ್ತಿಯಿಂದ ಒರೆಸಬೇಕು. ಎಲ್ಲ ಕಲಿತು, ಹತ್ತು ವರ್ಷ ಮಾಡಿದಳು.

ಹೋದ ವರ್ಷ ನಯನಳ ಮಗಳ ತೊಟ್ಟಿಲ ಶಾಸ್ತ್ರ ಇವರ ಮನೆಯಲ್ಲೇ ಆಯಿತು. ಒಂದು ಹಾಡು ಹೇಳೆಂದು ಹೆಂಗಸರು ಸುಮಲತಾಗೆ ದುಂಬಾಲು ಬಿದ್ದರು.

"ಹೇಳಮ್ಮ, ನಾನು ಒಂದ್ಸಲನೂ ಕೇಳಿಲ್ಲ," ಎಂದಳು ನಯನ.

ಸುಮಲತಾ ತೊಟ್ಟಿಲ ಹಗ್ಗ ಹಿಡಿದು ಶುರುಮಾಡಿದಳು. ಎರಡನೇ ಸಾಲಿಗೆ ಗಂಟಲು ಒಡೆಯಿತು. ಕುರ್ಚಿಯಲ್ಲಿದ್ದ ವಾಸಪ್ಪ ನಕ್ಕ. "ಬಿಡೆ, ಬಿಡೆ. ಕೂಸು ಹೆದರ್ಕಳ್ತದೆ." ಅಷ್ಟಕ್ಕೇ ಬಿಡದೆ ಬಂದವರಿಗೆಲ್ಲ ಅಂಗಡಿಯ ಆ ಹಳೆಯ ಕಥೆ ಹೇಳಿದ, ಕೆಮ್ಮನ್ನೂ ಅಣಕಿಸಿ ತೋರಿಸಿದ. ಜನ ನಕ್ಕರು. ನಯನಳೂ ನಕ್ಕಳು.

ಮಾರನೆಯ ಬೆಳಿಗ್ಗೆ ನೆಂಟರೆಲ್ಲ ಹೋದ ಮೇಲೆ ಸುಮಲತಾ ಗಂಡನ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕೂತಳು. ಮೊದಲ ಹಲಗೆಯ ಮೊದಲ ಕ್ಯಾಸೆಟ್ ತೆಗೆದು, ಅದರ ಹೆಸರು ಗಟ್ಟಿಯಾಗಿ ಓದಿ, ಬೆರಳು ಹಾಕಿ ಎಳೆಯತೊಡಗಿದಳು.

"ಎಂತ ಮಾಡ್ತಿದೀಯೆ?"

"ರೀಲು ಎಳೀತಿದೀನಿ."

ಅವನು ಬೈದ, ಕೈ ಬೀಸಿದ. ಅವಳು ಮಣೆಯನ್ನು ಒಂದು ಮಾರು ಹಿಂದೆ ಸರಿಸಿಕೊಂಡಳು. ಎದ್ದು ಬರಲು ಹೋಗಿ ಎಡವಿ ಬಿದ್ದ. ಎತ್ತಿ ಕೂರಿಸಿ, ತರಚಿದ ಮಂಡಿಗೆ ಅರಿಶಿನ ಹಚ್ಚಿ, ಮತ್ತೆ ಕೂತಳು. ಪ್ರತಿಯೊಂದರ ಹೆಸರನ್ನೂ ಓದಿಯೇ ಎಳೆದಳು. ಮೂರು ದಿನ ಹಿಡಿಯಿತು. ಹೊತ್ತುಹೊತ್ತಿಗೆ ಊಟ, ಮಾತ್ರೆ ಎರಡನ್ನೂ ತಪ್ಪಿಸಲಿಲ್ಲ.

ಎರಡನೇ ದಿನ ವಾಸಪ್ಪ ಅತ್ತುಬಿಟ್ಟ. "ಒಂದಾದ್ರೂ ಬಿಡೆ, ದಮ್ಮಯ್ಯ."

"ಯಾವ್ದು ಹೇಳಿ."

ಅವನು ತುಂಬಾ ಹೊತ್ತು ಯೋಚಿಸಿ, ಐದನೇ ಹಲಗೆಯ ಕೊನೆಯದು ಎಂದ. ಅವನ ಅಪ್ಪ ತೀರಿಕೊಂಡ ವರ್ಷ ಕೊಂಡ ಶಹನಾಯಿ ಕ್ಯಾಸೆಟ್ ಅದು. ಸುಮಲತಾ ತಂದು ಕೈಗೆ ಕೊಟ್ಟಳು. ಅವನು ಮೂಲೆಯ ಬಿರುಕನ್ನು ಬೆರಳಿಂದ ಸವರಿ, ಅದೇ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಅದು ಅವನ ಕೈಯಲ್ಲಿರುವಾಗಲೇ ಅವಳು ರೀಲು ಎಳೆದಳು. ರೀಲೆಲ್ಲ ಅವನ ತೊಡೆಯ ಮೇಲೆ ಬಿತ್ತು.

ಕೊನೆಗೆ ಎರಡು ಗೋಣಿಚೀಲ ತುಂಬಾ ರೀಲಾಯಿತು. ಗದ್ದೆಗೆ ಹಕ್ಕಿ ಬೀಳದ ಹಾಗೆ ಕಟ್ಟಲು ಪಕ್ಕದ ಮನೆಯ ಕರಿಯಣ್ಣ ಒಯ್ದ.

ಇದನ್ನೆಲ್ಲ ನನಗೆ ಹೇಳಿದ್ದು ಸುಮಲತಾಳೇ, ಅವರ ಮನೆಗೆ ಹೋಗಿದ್ದಾಗ, ಕಾಫಿ ಲೋಟ ಮುಂದಿಡುತ್ತಾ.

"ಈಗ ಸಮಾಧಾನ ಆಯ್ತಾ?" ಎಂದು ಕೇಳಿದೆ.

"ಅವತ್ತು ಅಂಗಡೀಲಿ ನೀವೂ ಇದ್ರಲ್ಲ," ಎಂದಳು. ನಾನು ಕಾಫಿ ಕುಡಿದು ಎದ್ದೆ.

ಈಗ ವಾಸಪ್ಪ ದಿನಾ ಬೆಳಿಗ್ಗೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಾನೆ. ಸುಮಲತಾ ತಂದು ಕೂರಿಸಿ ಹೋಗುತ್ತಾಳೆ. ಕರೆದೊಯ್ಯುವುದು ಅವಳಿಗೆ ನೆನಪಾದಾಗ. ಶೃಂಗೇರಿ ಕಡೆಯ ಬಸ್ಸುಗಳಲ್ಲಿ ಹಾಡು ಹಾಕಿರುತ್ತಾರೆ. ಬಸ್ಸು ನಿಂತಷ್ಟು ಹೊತ್ತು ಅವನಿಗೆ ಕೇಳುತ್ತದೆ. ಮೊನ್ನೆ ನಾನು ನೋಡಿದಾಗ ಬಸ್ಸಿನ ಬಾಗಿಲಿಗೆ ಕಿವಿ ಕೊಟ್ಟು ಮುಂದಕ್ಕೆ ಬಾಗಿದ್ದ. ಹಾಡಿನ ಪಲ್ಲವಿ ಇನ್ನೂ ಮುಗಿದಿರಲಿಲ್ಲ.

"ಹತ್ತೋದಾ ಅಜ್ಜ?" ಎಂದ ಕಂಡಕ್ಟರ್.

"ಇಲ್ಲ. ಇನ್ನೊಂಚೂರು ನಿಲ್ಸು ಮಾರಾಯ."

ಕಂಡಕ್ಟರ್ ಸೀಟಿ ಊದಿದ.