ನಮ್ಮ ಕಡೆಯ ಬಾವುಟ

ಹೋದ ತಿಂಗಳು ಕಣಕಟ್ಟೆಯ ಕಡೆಯವರೊಬ್ಬರು ತಮ್ಮ ತಂದೆಯ ಕಾಲದ ಸೈಕಲ್ಲನ್ನು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದರು. ಅದರ ಚರ್ಮದ ಸೀಟು ಒಣಗಿ ತೆಂಗಿನ ಚಿಪ್ಪಿನಷ್ಟು ಬಿರುಸಾಗಿತ್ತು. ಬೇರೆ ಸೀಟು ಬೇಡ, ಇದನ್ನೇ ಉಳಿಸಿಕೊಡಿ ಎಂದರು. ನಾನು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿಮಾಡಿ, ಹಳೆಯ ಪಂಚೆಯ ತುಂಡನ್ನು ಅದ್ದಿ ತಿಕ್ಕತೊಡಗಿದೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಹಳೆಯ ಚರ್ಮಕ್ಕೆ ಇಳಿಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಅಡುಗೆಮನೆಯದು, ಅರ್ಧ ಮೈದಾನದ್ದು. ನನ್ನ ಕೈ ಹಾಗೇ ನಿಂತಿತು. ಆ ವಾಸನೆ ನನ್ನ ಪಾಲಿಗೆ ಒಬ್ಬರದೇ… ಕೊಬ್ಬರಿ ಮಂಡಿಯ ಯಜಮಾನರದು.

ಅರಸೀಕೆರೆ ಜಂಕ್ಷನ್ ಊರು. ಹಬೆ ಎಂಜಿನ್ನುಗಳ ಕಾಲದಲ್ಲಿ ಎಲ್ಲೆಲ್ಲಿಂದಲೋ ಬಂದ ರೈಲ್ವೆ ನೌಕರರು ಫುಟ್‌ಬಾಲನ್ನೂ ಜೊತೆಗೆ ತಂದರೆಂದು ಹಿರಿಯರು ಹೇಳುತ್ತಿದ್ದರು. ಅವರು ವರ್ಗವಾಗಿ ಹೋದರು, ಆಟ ಉಳಿಯಿತು. ತೊಂಬತ್ತರ ದಶಕದಲ್ಲಿ ನಮ್ಮೂರಿಗೆ ಒಂದು ಒಳ್ಳೆಯ ತಂಡವೇ ಇತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ ಹಾಕಿದವನು. ಚೆಂಡಿನ ಬ್ಲಾಡರಿಗೆ ಪಂಕ್ಚರ್ ಹಾಕುತ್ತಾ ಹಾಕುತ್ತಾ ಆ ತಂಡದ ಮ್ಯಾನೇಜರನೂ ಆಗಿಬಿಟ್ಟಿದ್ದೆ.

ಚೆಂಡು ಮಾತ್ರ ಯಜಮಾನರ ವಶದಲ್ಲಿತ್ತು. ಪ್ರತಿ ಶನಿವಾರ ಸಂಜೆ ಮಂಡಿಯ ಬಾಗಿಲು ಹಾಕಿದ ಮೇಲೆ, ಹಣೆಯ ವಿಭೂತಿ ಬೆವರಿಗೆ ಕರಗಿದ್ದರೂ ಗಮನಿಸದೆ, ಕಾಲುಗಳ ನಡುವೆ ಚೆಂಡನ್ನು ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ಆಳುಗಳಿದ್ದರು, ಅವರ ಕೈಗೆ ಕೊಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹಗ್ಗದ ಬಲೆಯಲ್ಲಿ ಅದನ್ನು ತೂಗುಹಾಕಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ದಪ್ಪ ಮೈಯವರು. ಅವರು ಬಂದರೆ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತವರೆಲ್ಲ ಒಂದು ಕಡೆಗೆ ಜರುಗಿ ಎಡತುದಿಯನ್ನು ಬಿಟ್ಟುಕೊಡಬೇಕಿತ್ತು.

ಆ ಬೆಂಚಿನಲ್ಲಿ ನಡೆದ ವಾದಗಳಿಗೆ ಲೆಕ್ಕವಿಲ್ಲ. ಬ್ರೆಜಿಲಿನವನು ದೊಡ್ಡವನೋ ಅರ್ಜೆಂಟೀನಾದವನೋ ಎಂದು ಶುರುವಾದರೆ ಮಧ್ಯಾಹ್ನದ ಊಟ ಮನೆಯಲ್ಲಿ ಆರುತ್ತಿತ್ತು. ನಿವೃತ್ತ ಗೂಡ್ಸ್ ಗಾರ್ಡ್ ಒಬ್ಬರು ಅರ್ಜೆಂಟೀನಾದ ಪರ. ಯಜಮಾನರು ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ತಾವು ಹುಡುಗರಾಗಿದ್ದಾಗ ನಮ್ಮೂರ ಮೈದಾನದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಒಬ್ಬ ಎಂಜಿನ್ ಫೈರ್‌ಮನ್‌ನೇ ಪ್ರಪಂಚದಲ್ಲೆಲ್ಲ ದೊಡ್ಡ ಆಟಗಾರ ಎನ್ನುತ್ತಿದ್ದರು. ‘ಇದ್ದಲು ಹಾಕಿ ಬಂದ ಕಾಲು ಕಣ್ರೀ ಅದು, ನಿಮ್ಮ ಟಿವಿ ಕಾಲಲ್ಲ’ ಎಂದರೆ ಗಾರ್ಡ್ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ ಯಜಮಾನರ ಅಭಿಪ್ರಾಯಗಳು ಒಂದೂ ಸರಿ ಇರುತ್ತಿರಲಿಲ್ಲ. ಮುದ್ದೆ ಉಣ್ಣುವವನನ್ನು ಡಿಫೆನ್ಸಿಗೆ ಹಾಕಬೇಕು, ಅನ್ನ ಉಣ್ಣುವವನನ್ನು ಮುಂದೆ ಆಡಿಸಬೇಕು ಎನ್ನುವರು. ಗೋಲು ಕಾಯುವ ಗೋಲಿ ಮದುವೆಯಾದವನೇ ಆಗಿರಬೇಕು, ಅವನಿಗೆ ಕಾಯುವ ಅಭ್ಯಾಸ ಇರುತ್ತದೆ ಎನ್ನುವರು. ಫ್ರಾನ್ಸಿನಲ್ಲಿ ವಿಶ್ವಕಪ್ ನಡೆದ ವರ್ಷ ಫೈನಲ್ಲಿನಲ್ಲಿ ಬ್ರೆಜಿಲ್ ಮೂರು ಗೋಲಿನಿಂದ ಗೆಲ್ಲುತ್ತದೆ ಎಂದು ಮಾರುಕಟ್ಟೆಯಲ್ಲೆಲ್ಲ ಸಾರಿಕೊಂಡು ಬಂದರು. ಮೂರು ಗೋಲಿನ ಮಾತು ಸರಿಯಾಯಿತು, ಬದಿ ಮಾತ್ರ ತಪ್ಪಿತು. ಆಮೇಲೆ ಬಹಳ ದಿನ ಗಾರ್ಡ್ ಅವರನ್ನು ಕಂಡರೆ ಮೂರು ಬೆರಳು ತೋರಿಸುವರು. ಯಜಮಾನರು ಹೊಟ್ಟೆ ಕುಲುಕಿಸಿ ನಗುವರು. ಅವರು ತಪ್ಪು ಹೇಳುತ್ತಾರೆ ಎನ್ನುವುದು ನಮಗೊಂದು ಪ್ರೀತಿಯ ವಿಷಯವಾಗಿತ್ತು. ಅದನ್ನೇ ನಾನು ಮುಂದೆ ನನಗೆ ಬೇಕಾದಂತೆ ಬಳಸಿಕೊಂಡೆ.

ಆ ವಿಶ್ವಕಪ್ ಆದ ಮರುಚಳಿಗಾಲ ಬೇಲೂರಿನಲ್ಲಿ ಒಂದು ಟೂರ್ನಿ ಇತ್ತು. ಆ ಕಾಲಕ್ಕೆ ಸಣ್ಣ ಊರಿನ ತಂಡಗಳಿಗೆ ಒಂದು ಚಟ ಹತ್ತಿತ್ತು. ಬೆಂಗಳೂರಿನಿಂದ ಆಟಗಾರರನ್ನು ಎರಡು ದಿನದ ಮಟ್ಟಿಗೆ ಕರೆಸಿ, ಊರಿನ ಜರ್ಸಿ ಹಾಕಿಸಿ ಆಡಿಸುವುದು. ಗೆಸ್ಟ್ ಪ್ಲೇಯರ್ ಎನ್ನುತ್ತಿದ್ದೆವು. ನಾನೂ ನಾಲ್ವರನ್ನು ಕರೆಸಿದೆ. ಅವರಿಗೆ ಜಾಗ ಮಾಡಲು ನಮ್ಮ ಹುಡುಗರನ್ನು ಹೊರಗೆ ಕೂರಿಸಿದೆ. ಅವರಲ್ಲೊಬ್ಬ ಹಾರನಹಳ್ಳಿಯ ಹುಡುಗ, ಆ ವರ್ಷ ನಮ್ಮ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದವನು. ಯಜಮಾನರು ಬೆಂಚಿನಲ್ಲಿ ಕೂತು ವಿರೋಧಿಸಿದರು. ಬಾಡಿಗೆ ಕಾಲಿಂದ ಗೆದ್ದರೆ ಆ ಕಪ್ಪನ್ನು ಯಾರ ಮನೆಯಲ್ಲಿಡುತ್ತೀಯ ಎಂದು ಕೇಳಿದರು. ನಾನು ಮೂರು ಬೆರಳು ತೋರಿಸಿದೆ. ಎಲ್ಲರೂ ನಕ್ಕರು. ಅಲ್ಲಿಗೆ ಮಾತು ಮುಗಿಯಿತು.

ಇಂಥ ಟೂರ್ನಿಗಳ ಪದ್ಧತಿ ಹೀಗಿತ್ತು: ರೆಫರಿ ಹೊರಗಿನವನು, ಗೆರೆಯ ಪಕ್ಕ ಬಾವುಟ ಹಿಡಿಯುವವರು ಮಾತ್ರ ಒಂದೊಂದು ತಂಡದಿಂದ ಒಬ್ಬೊಬ್ಬರು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ನಿಯಮವೂ ಇತ್ತು. ನಮ್ಮ ಕಡೆಯ ಬಾವುಟ ನಮ್ಮವರ ವಿರುದ್ಧ ಏಳಬಾರದು. ನಮ್ಮ ಬಾವುಟ ಯಾವಾಗಲೂ ಯಜಮಾನರ ಕೈಯಲ್ಲಿ. ಪಂಚೆ ಎತ್ತಿ ಕಟ್ಟಿ, ಗೆರೆಯ ಉದ್ದಕ್ಕೂ ಏದುಸಿರು ಬಿಡುತ್ತಾ ಓಡುವ ಅವರನ್ನು ನೋಡಲೆಂದೇ ಜನ ಬರುತ್ತಿದ್ದರು.

ಫೈನಲ್ ನಮಗೂ ಬೇಲೂರಿನವರಿಗೂ ನಡೆಯಿತು. ಅವರು ಒಂದು ಗೋಲು ಮುಂದಿದ್ದರು. ಮಧ್ಯಂತರದ ನಂತರ ಬದಿ ಬದಲಾಗಿ ನಮ್ಮ ದಾಳಿ ಯಜಮಾನರು ನಿಂತಿದ್ದ ಕಡೆಗೆ ಬಂತು. ಆಟ ಮುಗಿಯುತ್ತಾ ಬಂದಿತ್ತು. ನಾನು ಆತಂಕಕ್ಕೆ ಕೂರಲಾರದೆ ಬೇಲೂರಿನವರ ಗೋಲಿನ ಪಕ್ಕಕ್ಕೇ ಹೋಗಿ ನಿಂತಿದ್ದೆ. ನಮ್ಮವನೊಬ್ಬ ನಡುವಿನಿಂದ ಉದ್ದಕ್ಕೆ ಚೆಂಡು ಕೊಟ್ಟ. ಬೆಂಗಳೂರಿನ ಹುಡುಗ ಅದನ್ನು ಎದೆಯಿಂದ ಇಳಿಸಿ ಬಲೆಗೆ ಹೊಡೆದ. ನಮ್ಮವರು ಕುಣಿಯತೊಡಗಿದರು.

ಬಾವುಟ ಮೇಲೆದ್ದಿತ್ತು.

ಆ ಹುಡುಗ ಚೆಂಡು ಹೊರಡುವ ಮೊದಲೇ, ಗೋಲಿಯನ್ನು ಬಿಟ್ಟರೆ ಎದುರಾಳಿಗಳೆಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದ. ಆಟದ ಭಾಷೆಯಲ್ಲಿ ಆಫ್‌ಸೈಡ್. ಅಂಥ ಗೋಲು ಗೋಲಲ್ಲ. ಯಜಮಾನರು ನೋಡಿದ್ದರು. ನಾನೂ ನೋಡಿದ್ದೆ. ಒಂದು ಆಳುದ್ದ ಮುಂದಿದ್ದ, ಅನುಮಾನವೇ ಇರಲಿಲ್ಲ. ರೆಫರಿ ಗೋಲನ್ನು ರದ್ದು ಮಾಡಿದ, ನಾವು ಸೋತೆವು. ಯಜಮಾನರು ಬಾವುಟ ಸುತ್ತಿ ನನ್ನ ಕೈಗೆ ಕೊಟ್ಟು, ಮಗಳನ್ನು ನೋಡಿಕೊಂಡು ನಾಳೆ ಬರುತ್ತೇನೆ ಎಂದು ಹಗರೆಯ ಬಸ್ಸು ಹತ್ತಿದರು. ಅವರ ಒಬ್ಬಳೇ ಮಗಳನ್ನು ಬೇಲೂರು ಕಡೆಯ ಹಗರೆಗೆ ಕೊಟ್ಟಿದ್ದರು.

ನಾವು ಉಳಿದವರು ಟೆಂಪೋದಲ್ಲಿ ವಾಪಸು ಹೊರಟೆವು. ಹಳೇಬೀಡಿನಲ್ಲಿ ಟೀಗೆ ನಿಲ್ಲಿಸಿದಾಗ ಹಾರನಹಳ್ಳಿಯ ಹುಡುಗ ಲೋಟ ಹಿಡಿದು ನನ್ನ ಮುಂದೆ ಬಂದು ನಿಂತ. ‘ಅಣ್ಣ, ನನ್ನ ಯಾಕೆ ಆಡಿಸ್ಲಿಲ್ಲ?’ ಎಂದ. ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿದವು. ನನಗೆ ಹೊಳೆದದ್ದು ಒಂದೇ.

‘ನಾನು ಯಾರನ್ನ ಆಡ್ಸಿದ್ರೆ ಏನ್ಲಾ? ನಮ್ಮ ಬಾವುಟಕ್ಕೇ ಬೇಲೂರು ಕಡೆ ಬೀಗತನ ಐತೆ’ ಎಂದೆ.

ಅಷ್ಟೇ. ಇನ್ನೊಂದು ಮಾತು ಸೇರಿಸಲಿಲ್ಲ, ಸೇರಿಸಬೇಕಾಗಿಯೂ ಇರಲಿಲ್ಲ. ಅವರು ನಮ್ಮ ಜೊತೆ ಬಾರದೆ ಹಗರೆಗೆ ಹೋಗಿದ್ದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಟೆಂಪೋ ಅರಸೀಕೆರೆ ಮುಟ್ಟುವಷ್ಟರಲ್ಲಿ ಅದು ಮಾತಾಗಿ ಉಳಿದಿರಲಿಲ್ಲ, ನಡೆದ ಸಂಗತಿಯೇ ಆಗಿತ್ತು.

ಮುಂದಿನ ಭಾನುವಾರ ಯಜಮಾನರು ಎಂದಿನಂತೆ ಚೆಂಡು ಹಿಡಿದು ಬಂದರು. ಬೆಂಚಿನಲ್ಲಿ ಯಾರೂ ಜರುಗಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಬೀಗರಿಗೋಸ್ಕರ ಬಾವುಟ ಎತ್ತಿದ್ರಾ ಎಂದು ಯಾರೋ ನೇರವಾಗಿ ಕೇಳಿಯೇಬಿಟ್ಟರು. ಯಜಮಾನರು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿದರು.

‘ನೀನು ಗೋಲಿನ ಪಕ್ಕದಲ್ಲೇ ಇದ್ಯಲ್ಲೋ. ಹೇಳು ಇವರಿಗೆ.’

ನಾನು ಒಂದು ಚಕ್ರದ ಕಡ್ಡಿಗಳನ್ನು ಬಿಗಿಮಾಡುತ್ತಿದ್ದೆ. ತಲೆ ಎತ್ತದೆ, ‘ನಾನು ಚೆಂಡು ನೋಡ್ತಿದ್ದೆ ಯಜಮಾನ್ರೇ’ ಎಂದೆ.

ಗಾರ್ಡ್ ಮೂರು ಬೆರಳು ತೋರಿಸಿದರು. ಈ ಸಲ ಯಜಮಾನರು ನಗಲಿಲ್ಲ. ಚೆಂಡನ್ನು ಬಾಗಿಲ ಮೊಳೆಗೆ ನೇತುಹಾಕಿ ಹೊರಟರು. ಆಮೇಲೆ ಬೆಂಚಿಗೆ ಬರಲಿಲ್ಲ. ಆದರೂ ಆ ಋತು ಮುಗಿಯುವವರೆಗೆ ಪ್ರತಿ ಭಾನುವಾರ ನಾನು ಅಂಗಡಿ ತೆಗೆಯಲು ಬರುವಷ್ಟರಲ್ಲಿ ಎಣ್ಣೆ ತಿಕ್ಕಿದ ಚೆಂಡು ಆ ಮೊಳೆಯಲ್ಲಿ ತೂಗುತ್ತಿರುತ್ತಿತ್ತು. ಮುಟ್ಟಿದರೆ ಕೈಗೆ ಆ ವಾಸನೆ…

ಇನ್ನೊಂದು ದಿನ ನೆನಪಿದೆ. ಯಜಮಾನರು ಎದುರಿನ ನಿಲ್ದಾಣದಲ್ಲಿ ಒಂದು ಬಟ್ಟೆಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಒಗೆದ ಜುಬ್ಬ, ಹೆಗಲ ಮೇಲೆ ಹೊಸ ವಲ್ಲಿ. ಗಾರ್ಡ್ ಬೆಂಚಿನಿಂದಲೇ ರಸ್ತೆಯಾಚೆಗೆ ಕೇಳುವಂತೆ, ‘ಹಗರೆಗಾ ಯಜಮಾನ್ರೇ? ಬಾವುಟ ತಗೊಂಡ್ರಾ?’ ಎಂದರು. ಬೆಂಚೆಲ್ಲ ನಕ್ಕಿತು. ನಾನೂ ನಕ್ಕೆ. ಬಸ್ಸು ಬಂತು, ನಿಂತಿತು, ಹೋಯಿತು. ಅದು ಹೋದ ಮೇಲೂ ಯಜಮಾನರು ಅಲ್ಲೇ ನಿಂತಿದ್ದರು. ಆಮೇಲೆ ಚೀಲ ಎತ್ತಿಕೊಂಡು ಮಂಡಿಯ ಕಡೆಗೆ ನಡೆದರು. ಏನೋ ಮರೆತಿರಬೇಕು ಎಂದುಕೊಂಡೆ.

ತಂಡ ಹೆಚ್ಚು ದಿನ ಉಳಿಯಲಿಲ್ಲ. ಬೆಂಗಳೂರಿನವರು ಮತ್ತೆ ಬರಲಿಲ್ಲ. ಹಾರನಹಳ್ಳಿಯ ಹುಡುಗ ಬೂಟು ಕಟ್ಟುವುದನ್ನೇ ಬಿಟ್ಟ, ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಮೈದಾನದಲ್ಲಿ ಕ್ರಿಕೆಟ್ಟಿನ ಪಿಚ್ಚು ಬಂತು. ನಮ್ಮ ತಂಡ ಹೇಗೆ ಮುಗಿಯಿತು ಎಂದು ಯಾರು ಕೇಳಿದರೂ ಬೆಂಚಿನಲ್ಲಿ ಒಂದೇ ಉತ್ತರ: ಆ ಬಾವುಟದಿಂದ. ವರ್ಷ ಕಳೆದಂತೆ ಕಥೆ ಕೊಬ್ಬಿತು. ಬೀಗರು ಉಂಗುರ ಹಾಕಿದರಂತೆ, ಬೇಲೂರಿನಲ್ಲಿ ಮೆರವಣಿಗೆ ಮಾಡಿದರಂತೆ… ನಾನು ಒಂದಕ್ಕೂ ಇಲ್ಲ ಎನ್ನಲಿಲ್ಲ. ತಂಡವನ್ನು ಕೆಡಿಸಿದವನು ಮ್ಯಾನೇಜರು ಎಂದು ಯಾರೂ ಹೇಳದೆ ಇರುವುದಕ್ಕೆ ಆ ಕಥೆ ಬೇಕಾಗಿತ್ತು. ಯಜಮಾನರು ತೀರಿಕೊಂಡ ದಿನ ಮಂಡಿಯ ಎದುರಿನ ಗೋಡೆಗೆ ಒರಗಿ ನಿಂತಿದ್ದೆ. ವಿಭೂತಿ ಹಚ್ಚಿ ಕೂರಿಸಿದ ಅವರ ಮುಖ ಜನರ ಭುಜಗಳ ನಡುವೆ ಒಮ್ಮೆ ಕಂಡಿತು. ಒಳಗೆ ಹೋಗುವ ಮುಖ ನನಗಿರಲಿಲ್ಲ.

ಸೀಟಿಗೆ ಎಣ್ಣೆ ತಿಕ್ಕಿದ ಆ ವಾರವೇ ನಿರ್ಧಾರ ಮಾಡಿದೆ. ಬೆಂಚು ಈಗಲೂ ಇದೆ. ಗಾರ್ಡಿಗೆ ಕಿವಿ ಮಂದವಾಗಿದೆ, ನಾಲಿಗೆಯಲ್ಲ. ಈಗಿನ ಹುಡುಗರು ಮೊಬೈಲಿನಲ್ಲಿ ಇಂಗ್ಲೆಂಡು ಸ್ಪೇನುಗಳ ಕ್ಲಬ್ಬುಗಳನ್ನು ನೋಡುತ್ತಾ, ಯಾವ ಕೋಚನ್ನು ತೆಗೆಯಬೇಕು, ಯಾವ ದೊಡ್ಡ ಕ್ಲಬ್ಬು ಯಾರಿಂದ ಹಾಳಾಯಿತು ಎಂದು ಜಗಳವಾಡುತ್ತಾರೆ. ಆ ಭಾನುವಾರ ಗಾರ್ಡ್ ಎಂದಿನಂತೆ, ನಮ್ಮದೂ ಒಂದು ಕ್ಲಬ್ಬಿತ್ತು ಕಣ್ರಪ್ಪ ಎಂದು ಶುರುಮಾಡಿದರು. ನಾನು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತೆ. ಅದು ಆಫ್‌ಸೈಡೇ, ನಾನು ಕಣ್ಣಾರೆ ನೋಡಿದ್ದೆ, ಬೀಗತನದ ಮಾತು ಹುಟ್ಟಿಸಿದವನೂ ನಾನೇ, ತಂಡ ಕೆಟ್ಟದ್ದು ನನ್ನಿಂದ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಗಾರ್ಡ್ ನನ್ನ ಬೆನ್ನು ತಟ್ಟಿದರು.

‘ಹೋಗ್ಲಿ ಬಿಡಪ್ಪ. ಸತ್ತೋರ ಮೇಲೆ ಕೆಟ್ಟ ಹೆಸರು ಬ್ಯಾಡ ಅಂತ ನೀನು ಹೊತ್ಕೊಳ್ತಿದ್ದೀಯ. ನಿನ್ನದು ದೊಡ್ಡ ಮನಸ್ಸು.’

ನನ್ನ ಸುಳ್ಳು ಒಂದೇ ಮಾತಿಗೆ ನೆಲೆನಿಂತಿತ್ತು. ನಿಜಕ್ಕೆ ಕೂರಲು ಜಾಗವೇ ಸಿಗಲಿಲ್ಲ.

ಮರುದಿನ ಹಗರೆಗೆ ಹೋದೆ. ಯಜಮಾನರ ಮಗಳು ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದರು. ತಲೆ ನರೆತಿದೆ. ನನ್ನ ಗುರುತು ಹಿಡಿದು ಜಗುಲಿಯಲ್ಲಿ ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಗೋಲು, ಬಾವುಟ, ಹಳೇಬೀಡಿನ ಟೀ ಅಂಗಡಿ, ನಿಲ್ದಾಣದ ಬಟ್ಟೆಚೀಲ, ನಮ್ಮ ನಗು. ಅವರು ಕ್ಯಾನನ್ನು ಕೆಳಗಿಡಲು ಮರೆತು ಹಾಗೇ ಮಡಿಲಲ್ಲಿ ಹಿಡಿದಿದ್ದರು.

‘ಆ ಚೀಲ… ನನ್ನ ಮಗಳಿಗೆ ಹೆಸರಿಡೋ ದಿನ ಅದು’ ಎಂದರು. ‘ಬತ್ತೀನಿ ಅಂದಿದ್ರು, ಬರ್ಲಿಲ್ಲ. ಆಮೇಲೆ ಈ ಮನೆಗೆ ಅಪ್ಪಾಜಿ ಕಾಲೇ ಇಡ್ಲಿಲ್ಲ. ನಾವೇ ಹೋಗಿ ನೋಡ್ಕೊಂಡು ಬರ್ಬೇಕಿತ್ತು. ಯಾಕೆ ಅಂದ್ರೆ ಹೇಳ್ತಿರ್ಲಿಲ್ಲ. ನನ್ನ ಮೇಲೇ ಏನೋ ಕೋಪ ಅಂದ್ಕೊಂಡಿದ್ದೆ ಕಣ್ರೀ, ಇಷ್ಟು ವರ್ಷ.’

ಬಾವುಟದ ಗೌರವ ಮಾತ್ರ ಕಳೆದೆ ಎಂದು ನಾನು ತಿಳಿದಿದ್ದೆ. ಹಗರೆಯ ಬಸ್ಸು ಹತ್ತಿದರೆ ನನ್ನ ಮಾತು ನಿಜವಾಗುತ್ತದೆಂದು ಆ ಮನುಷ್ಯ ಮಗಳ ಮನೆಯನ್ನೇ ಬಿಟ್ಟಿದ್ದರು.

ಕ್ಷಮಿಸಿ ಎಂದೆ. ಅವರು ಕ್ಯಾನನ್ನು ಜಗುಲಿಯ ಮೇಲಿಟ್ಟು, ‘ಇದನ್ನ ಅಲ್ಲಿ ಬೆಂಚಿನ ಮೇಲೆ ಹೇಳಿದ್ರಾ?’ ಎಂದು ಕೇಳಿದರು.

‘ಹೇಳ್ದೆ ತಾಯಿ. ನಂಬಲ್ಲ.’

‘ನಂಬೋವರ್ಗೂ ಹೇಳಿ’ ಎಂದು ಎದ್ದು ಒಳಗೆ ಹೋದರು.

ಕಣಕಟ್ಟೆಯವರು ಬಂದು ಸೈಕಲ್ ತೆಗೆದುಕೊಂಡು ಹೋದರು. ಸೀಟು ಮೆತ್ತಗಾಗಿದೆ ಎಂದು ಖುಷಿಪಟ್ಟರು. ಎಣ್ಣೆಯ ಬಟ್ಟಲನ್ನು ನಾನು ಇನ್ನೂ ತೊಳೆದಿಲ್ಲ. ಬಾಗಿಲ ಮೊಳೆಯೂ ಅಲ್ಲೇ ಇದೆ, ಖಾಲಿ.

ಈಗ ಪ್ರತಿ ಭಾನುವಾರ ಗಾರ್ಡ್ ಬಾಯಿ ತೆರೆಯುವ ಮೊದಲೇ ನಾನು ಶುರುಮಾಡುತ್ತೇನೆ. ಈ ಮುದುಕನಿಗೆ ಅರಳುಮರಳು ಎಂದು ಹುಡುಗರು ನಗುತ್ತಾರೆ, ನಗಲಿ. ಕೇಳಿಸಬೇಕಾಗಿದ್ದ ಒಬ್ಬರು ಈಗಿಲ್ಲ, ನಾನು ಎಷ್ಟು ಕೂಗಿದರೂ ಅವರಿಗೆ ತಲುಪುವುದಿಲ್ಲ ಎಂಬುದೂ ಗೊತ್ತು. ಬೆಂಚಿಗೆ ಬಾರದವರೂ ಓದಲಿ ಎಂದು ಇಲ್ಲಿ ಬರೆದಿದ್ದೇನೆ. ಬೆಂಗಳೂರಿನ ಹುಡುಗ ಮುಂದಿದ್ದ. ಯಜಮಾನರ ಬಾವುಟ ಸರಿಯಾಗಿತ್ತು. ನಾನು ಚೆಂಡು ನೋಡುತ್ತಿರಲಿಲ್ಲ.