ಥಾಯ್ ಸಾರು ಹುಡುಕುತ್ತ ಮುಂಬಯಿಯಲ್ಲಿ ಐದು ದಿನ

ಧಾರವಾಡ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ ನನ್ನ ಹತ್ತಿರ ಒಂದು ಟ್ರಂಕು, ಎರಡು ಬುಟ್ಟಿ, ಮತ್ತು ತಲೆಯ ತುಂಬ ಹಟ ಇತ್ತು. ನಮ್ಮ ರಾಜ್ಯಕ್ಕಿನ್ನೂ ಕರ್ನಾಟಕವೆಂದು ಹೆಸರಿಟ್ಟಿರದ ಕಾಲ. ಮುಂಬಯಿಗೆ ಹೋಗುವವರು ಮೀರಜಿನಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹಿಡಿಯಬೇಕಾಗಿತ್ತು. ಬುಟ್ಟಿಗಳಲ್ಲಿ ಶೇಂಗಾ ಹೋಳಿಗೆ, ಕರಿಗಡಬು, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಭರಣಿ ಹಣ್ಣುಮೆಣಸಿನಕಾಯಿಯ ಕೆಂಪಿಂಡಿ ಇದ್ದವು. ಟ್ರಂಕಿನಲ್ಲಿ ಹಸಿರು ಸೀರೆ, ಹಸಿರು ಕುಬಸ, ಎರಡು ಡಜನ್ ಹಸಿರು ಬಳೆ. ನನ್ನ ತಮ್ಮ ಗುರುನಾಥನ ಹೆಂಡತಿ ಮಾಲಿ ಆರು ತಿಂಗಳ ಬಸುರಿ. ಅವಳಿಗೆ ಬಯಕೆ ಊಟ ಮಾಡಿಸಲು ಹೊರಟಿದ್ದೆ.

ಬಯಕೆ ಊಟವನ್ನು ತವರಿನವರು ಮಾಡಿಸಬೇಕು. ಆದರೆ ನಮ್ಮ ಮಾಲಿಯ ತವರು ಬ್ಯಾಂಕಾಕ್. ಗುರು ಮುಂಬಯಿಯ ಒಂದು ಮಿಲ್ಲಿನಲ್ಲಿ ಫಿಟ್ಟರ್. ಮಗ್ಗ ಜೋಡಿಸಲೆಂದು ಮಿಲ್ಲಿನವರು ಅವನನ್ನು ಥಾಯ್ಲೆಂಡಿಗೆ ಕಳಿಸಿದ್ದರು. ಮಗ್ಗ ಜೋಡಿಸಿ ಬಾ ಎಂದರೆ ಈ ಪುಣ್ಯಾತ್ಮ ಸಂಸಾರ ಜೋಡಿಸಿಕೊಂಡು ಬಂದ. ತಂದೆತಾಯಿ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನು. ಸಿಟ್ಟು ಬಾರದೆ ಇರುತ್ತದೆಯೆ? ಆರು ತಿಂಗಳು ಅವನಿಗೆ ಪತ್ರ ಬರೆಯಲಿಲ್ಲ. ಆಮೇಲೆ ಬರೆದೆ, ಆದರೆ ಎರಡು ವರ್ಷವಾದರೂ ಹೋಗಿ ಅವಳ ಮುಖ ನೋಡಿರಲಿಲ್ಲ.

ಈ ಸಲ ಅವನ ಪತ್ರ ಬೇರೆ ರೀತಿಯದಾಗಿತ್ತು. ‘ಅಕ್ಕಾ, ಮಾಲಿ ಏನೂ ಉಣವಲ್ಲಳು. ಹೆರಿಗಿಗೆ ಬ್ಯಾಂಕಾಕಿಗೆ ಅವರಕ್ಕನ ಮನಿಗೆ ಹೋಗ್ತೀನಿ ಅಂತಾಳ. ಏಳು ತುಂಬಿದ ಮ್ಯಾಲೆ ವಿಮಾನದವರು ಹತ್ತಿಸಿಕೊಳ್ಳಂಗಿಲ್ಲ, ಅದಕ್ಕ ಅವಸರ ಮಾಡ್ತಾಳ. ಹೋದ್ರ ತಿರುಗಿ ಬರ್ತಾಳೋ ಇಲ್ಲೋ, ನನಗ ಭಯ ಆಗೇದ. ನೀ ಬಂದು ಒಂದು ಮಾತು ಹೇಳು.’ ನಾನು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಮಾತು ಹೇಳುವುದೇ ನನ್ನ ಉದ್ಯೋಗ. ಕ್ರಿಸ್‌ಮಸ್ ರಜೆ ಬಂದ ದಿನವೇ ಗಾಡಿ ಹತ್ತಿದೆ.

ಖಂಡಾಲದ ಘಾಟದಲ್ಲಿ ಬೆಳಗಾಯಿತು. ಗಾಡಿ ಒಂದು ಸುರಂಗದಿಂದ ಹೊರಬಿದ್ದು ಇನ್ನೊಂದರಲ್ಲಿ ಹೋಗುವಷ್ಟರಲ್ಲಿ ಕೆಳಗೆ ಪಾತಾಳದಂಥ ಕಣಿವೆ ಕಂಡು ಮಾಯವಾಗುತ್ತಿತ್ತು. ಭೂಗೋಳ ಕಲಿಸುವ ನಾನು ಸಹ್ಯಾದ್ರಿಯನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಎಷ್ಟು ಸಲ ಗೀಚಿದ್ದೆನೋ. ಅಂದು ಅದನ್ನು ನೋಡಿ, ಇಷ್ಟು ದಿನ ಏನು ಕಲಿಸಿದೆ ಎಂದು ನನಗೇ ನಾಚಿಕೆಯಾಯಿತು. ದಾದರಿನಲ್ಲಿ ಇಳಿದು, ಗುರುವಿನ ಜೊತೆ ಲೋಕಲ್ ಹತ್ತಿದೆ. ಹತ್ತಿದೆ ಎನ್ನುವುದು ಸುಳ್ಳು, ಜನರೇ ನನ್ನನ್ನು ಬುಟ್ಟಿ ಸಮೇತ ಒಳಗೆ ಹಾಕಿದರು. ಅಷ್ಟು ಜನ ಒಂದೇ ಕಡೆ ಇದ್ದೂ ಒಬ್ಬರೂ ಜಗಳವಾಡದೆ ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಘಾಟ್ಕೋಪರಿನ ಚಾಳಿನ ಎರಡನೆಯ ಮಾಳಿಗೆಯಲ್ಲಿ ಅವರ ಖೋಲಿ. ಮಾಲಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ಸಣ್ಣ ಮೈ, ಸಣ್ಣ ಮುಖ, ಹೊಟ್ಟೆ ಮಾತ್ರ ಮುಂದೆ. ಕೈ ನೋಡಿದರೆ ನನ್ನ ಹಸಿರು ಬಳೆ ಮೊಣಕೈವರೆಗೆ ಜಾರುವಂತಿತ್ತು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಅಂದು ಮಧ್ಯಾಹ್ನವೇ ಸೀರೆ ಉಡಿಸಿ, ಬಳೆ ಇಡಿಸಿ, ಐದು ತರದ ಬುತ್ತಿ ಕಲಸಿ ಬಡಿಸಿದೆ. ಅವಳು ಏಳಲು ಹೋದರೆ ಕೈಹಿಡಿದು ಕೂಡಿಸಿದೆ. ‘ಬಯಕಿ ಊಟ ಬಸುರಿ ಮಾಡಿಕೊಳ್ಳಬಾರದು. ತವರಿನವರು ಮಾಡಬೇಕು, ಆಕಿ ಕೂತು ಉಣಬೇಕು. ನಾ ಇರೂತನಾ ನೀ ಅಡಿಗಿಮನಿ ಹೊಸ್ತಿಲಾ ದಾಟಬ್ಯಾಡ.’ ಗುರು ಅದನ್ನು ಅವರ ಭಾಷೆಯಲ್ಲಿ ಹೇಳಿದ. ಮಾಲಿ ತಲೆಯಾಡಿಸಿದಳು. ಹೋಳಿಗೆಯ ಒಂದು ತುಣುಕು, ಬುತ್ತಿಯ ಎರಡು ತುತ್ತು ತಿಂದಳು. ಕೆಂಪಿಂಡಿಯನ್ನು ಮಾತ್ರ ಬೆರಳಿನಿಂದ ಚೀಪಿ ಚೀಪಿ ಮುಗಿಸಿದಳು.

‘ಏನ್ ಬೇಕವ್ವಾ ನಿನಗ?’ ಎಂದು ಕೇಳಿದೆ. ಎರಡು ವರ್ಷದಲ್ಲಿ ಅವಳು ಗುರುವಿನಿಂದ ಅಷ್ಟಿಷ್ಟು ಕನ್ನಡ, ಚಾಳಿನಿಂದ ಅಷ್ಟಿಷ್ಟು ಹಿಂದಿ ಕಲಿತಿದ್ದಳು. ‘ಸಾರು,’ ಎಂದಳು. ‘ಹುಳಿ. ಖಾರ. ಎಲಿ ವಾಸನಿ. ನಮ್ಮ ಊರಿಂದು.’ ಅದರ ಹೆಸರು ತೋಮ್ ಯಾಮ್ ಎಂದು ಗುರು ಹೇಳಿದ. ಅವನು ಬಾಯಿ ಬಿಡದ ಒಂದು ಮಾತಿತ್ತು. ಅದು ಸಿಗಡಿಯ ಸಾರು. ಮೀನು ಮಾಂಸ ಮುಟ್ಟದ ನನಗೆ, ಅದರಲ್ಲಿ ಅಂಥದೇನೋ ಇದೆಯೆಂದು ಅವನ ಮುಖವೇ ಹೇಳಿತು.

‘ಮುಂಬಯಿಯಾಗ ಇಂಥಾದು ಒಂದು ಹೋಟೆಲ್ ಇರಾಂಗಿಲ್ಲೇನು?’ ಎಂದೆ. ಇಷ್ಟು ದೊಡ್ಡ ಊರು, ಎಲ್ಲ ದೇಶದ ಹಡಗು ಬರುವ ಊರು. ಹೋಟೆಲಿನಲ್ಲಿ ಅವಳು ಏನು ಉಂಡರೂ ನಾನು ಕಣ್ಣುಮುಚ್ಚಿಕೊಂಡು ಕೂಡುತ್ತೇನೆ, ಮನೆಗಂತೂ ತರುವುದು ಬೇಡ ಎಂದು ನನ್ನ ಲೆಕ್ಕ. ಆ ಸಾರು ಉಣಿಸಿ, ಹೊಟ್ಟೆ ತಂಪಾದ ಹೊತ್ತಿನಲ್ಲಿ ಬ್ಯಾಂಕಾಕಿನ ಮಾತು ಬಿಡಿಸಬೇಕೆಂದು ನಿಶ್ಚಯಿಸಿದೆ.

ಎರಡನೆಯ ದಿನ ಭಾನುವಾರ. ಗುರುವಿಗೆ ರಜೆ, ಮೂವರೂ ಕೊಲಾಬಾಕ್ಕೆ ಹೋದೆವು. ಅರಬ್ಬಿ ಸಮುದ್ರವನ್ನು ಅಂದು ನೋಡಿದೆ. ಅದನ್ನು ಬರೆಯುವ ಶಕ್ತಿ ನನಗಿಲ್ಲ. ಅದರ ಎದುರಿಗೇ ಒಂದು ಅರಮನೆಯಂಥ ಹೋಟೆಲು. ಬಾಗಿಲಲ್ಲಿ ನಿಂತ ರುಮಾಲಿನ ಮನುಷ್ಯನನ್ನು ಯಾರೋ ಸಂಸ್ಥಾನಿಕರೆಂದು ತಿಳಿದು ನಾನು ನಮಸ್ಕಾರ ಮಾಡಿದೆ. ಅವನೂ ಮರುನಮಸ್ಕಾರ ಮಾಡಿ ಬಾಗಿಲು ತೆಗೆದ. ಒಳಗೆ ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ಕೋಟು ಹಾಕಿದ ಅಧಿಕಾರಿ ಗುರುವಿನ ಮಾತು ಕೇಳಿ ನಯವಾಗಿ, ತಮ್ಮಲ್ಲಿ ಫ್ರೆಂಚರ ಊಟವಿದೆ, ಮೊಗಲರ ಊಟವಿದೆ, ಚೀನೀ ಊಟವಿದೆ, ಥಾಯ್ ಊಟದ ಹೆಸರು ಇಲ್ಲಿ ಕೇಳಿದ ಮೊದಲಿಗರು ನೀವೇ ಎಂದ.

ಹಿಂದಿನ ಓಣಿಯ ಒಂದು ಚೀನೀ ಹೋಟೆಲಿಗೆ ಹೋದೆವು. ಕೆಂಪು ದೀಪ, ಗೋಡೆಗೆ ಚಿನ್ನದ ಬಣ್ಣದ ಹಾವಿನಂಥ ಪ್ರಾಣಿ. ಮಾಲಿಗೆ ಹುಳಿಯ ಸಾರು ತರಿಸಿ ನಾನು ನೀರಿನ ಗ್ಲಾಸು ಹಿಡಿದು ಕೂತೆ. ಅವಳು ಒಂದು ಚಮಚೆ ಕುಡಿದಳು, ಇನ್ನೊಂದು ಕುಡಿದಳು, ಚಮಚೆ ಕೆಳಗಿಟ್ಟಳು. ‘ಚಲೋ ಅದ,’ ಎಂದಳು. ಮರ್ಯಾದೆಗೆ ಹೇಳಿದ ಮಾತೆಂದು ತಿಳಿಯಲು ಅವರ ಭಾಷೆ ಬರಬೇಕಾಗಿರಲಿಲ್ಲ. ನಮ್ಮ ಕನ್ನಡ ಕೇಳಿ ವೇಟರು ಹತ್ತಿರ ಬಂದ. ಕುಂದಾಪುರದ ಕಡೆಯವನು. ‘ಥಾಯ್ ಊಟ ಎಲ್ಲಿಯೂ ಇಲ್ಲ ಅಕ್ಕಾ. ಒಬ್ಬರು ಕೊಗ್ಗಣ್ಣ ಅಂತ ಇದ್ದಾರೆ, ಹಡಗಿನಲ್ಲಿ ಅಡಿಗೆ ಮಾಡ್ತಿದ್ದವರು. ಬ್ಯಾಂಕಾಕಿನಲ್ಲಿ ಸುಮಾರು ಸಮಯ ಇದ್ರು. ಈಗ ದಹಿಸರ್‌ನಲ್ಲಿ ಅವರದ್ದು ಖಾನಾವಳಿ ಉಂಟು. ಸೋಮವಾರ ಬಂದ್,’ ಎಂದು ವಿಳಾಸ ಬರೆದುಕೊಟ್ಟ.

ಸೋಮವಾರ ಸುಮ್ಮನೆ ಕೂಡುವುದು ನನ್ನ ಜಾತಕದಲ್ಲಿಲ್ಲ. ಕೆಳಗಿನ ಖೋಲಿಯ ಇಮಾಮಸಾಬ ವಿಜಾಪುರ ಕಡೆಯವನು, ಟ್ಯಾಕ್ಸಿ ಓಡಿಸುತ್ತಿದ್ದ. ‘ಮುಂಬಯಿಯಾಗ ಸಿಗದ್ದು ಏನೈತ್ರಿ ಅಕ್ಕಾರ? ಕುರ್ಲಾ ಸ್ಟೇಷನ್ ಬಾಜೂಕ ಬ್ಯಾಂಕಾಕ್ ಅಂತ ಬೋರ್ಡ್ ಐತ್ರಿ, ನಾ ಕಣ್ಣಾರೆ ನೋಡೀನಿ,’ ಎಂದ. ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೋದ. ಬೋರ್ಡು ಇದ್ದದ್ದು ಖರೆ. ಒಳಗೆ ಖೀಮಾ ಪಾವು, ಚಹಾ, ಬೀಡಿಯ ಹೊಗೆ. ಮಾಲೀಕನನ್ನು ಕೇಳಿದರೆ, ಅಂಗಡಿ ತೆಗೆದ ವರ್ಷ ಒಂದು ಕ್ಯಾಲೆಂಡರಿನಲ್ಲಿ ಬ್ಯಾಂಕಾಕಿನ ಚಿತ್ರ ನೋಡಿದ್ದನಂತೆ, ಚಂದ ಕಂಡಿತಂತೆ, ಇಟ್ಟನಂತೆ. ಗಲ್ಲಾಪೆಟ್ಟಿಗೆಯ ಮೇಲೆ ಆ ಕ್ಯಾಲೆಂಡರಿನ ಹಾಳೆ ಇನ್ನೂ ತೂಗುತ್ತಿತ್ತು. ಒಂದು ನದಿ, ಚೂಪು ಗೋಪುರಗಳ ಗುಡಿ. ಮಾಲಿ ಅದರ ಮುಂದೆ ನಿಂತವಳು ಅಲುಗಲಿಲ್ಲ. ‘ಇಲ್ಲೆ ದೋಣಿ ಹತ್ತತೀವಿ,’ ಎಂದು ನದಿಯ ಒಂದು ಮೂಲೆಗೆ ಬೆರಳಿಟ್ಟು ತೋರಿಸಿದಳು. ಇಮಾಮಸಾಬ ಟೋಪಿ ಸರಿಮಾಡಿಕೊಂಡು ಹೊರಗೆ ಹೋದ.

ಮಂಗಳವಾರ ನಾವಿಬ್ಬರೇ ದಾದರಿನಲ್ಲಿ ಗಾಡಿ ಬದಲಿಸಿ ದಹಿಸರಿಗೆ ಹೋದೆವು. ಮುಂಬಯಿ ಮುಗಿಯಿತು ಎಂದುಕೊಂಡಾಗಲೆಲ್ಲ ಇನ್ನೊಂದು ಸ್ಟೇಷನ್, ಅದರ ಹಿಂದೆ ಇನ್ನಷ್ಟು ಬಿಲ್ಡಿಂಗು. ಈ ಊರಿಗೆ ಕೊನೆ ಎಂಬುದನ್ನು ದೇವರು ಬರೆದೇ ಇಲ್ಲವೇನೋ ಅನ್ನಿಸಿತು. ದಹಿಸರಿನಲ್ಲಿ ಮಾತ್ರ ಹೊಲ ಕಂಡವು, ಎಮ್ಮೆ ಕಂಡವು. ಖಾನಾವಳಿ ತಗಡಿನ ಕೆಳಗಿತ್ತು. ಮೀನಿನ ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೇ ಒಳಗೆ ಕಾಲಿಟ್ಟೆ.

ಕೊಗ್ಗಣ್ಣ ದಪ್ಪ ಹುಬ್ಬಿನ, ಬನಿಯನ್ನಿನ ಮನುಷ್ಯ. ಮಾಲಿಯನ್ನು ನೋಡಿದವನೇ ಸೌಟು ಕೆಳಗಿಟ್ಟು ಅವಳ ಭಾಷೆಯಲ್ಲಿ ಏನೋ ಹೇಳಿದ. ಅವಳು ನಕ್ಕಳು. ನಾಲ್ಕು ದಿನಗಳಲ್ಲಿ ನಾನು ಕೇಳಿದ ಮೊದಲ ನಗು. ಆಮೇಲೆ ಇಬ್ಬರೂ ಮಾತಾಡಿದರು, ಮಾತಾಡಿದರು. ಕೋಣೆಯಲ್ಲಿ ಕೂಡಿ ಹಾಕಿದ ಮಗು ಅಂಗಳಕ್ಕೆ ಬಂದಂತೆ ಅವಳ ಮುಖ ಅರಳಿತ್ತು. ಈ ಹುಡುಗಿ ಇಷ್ಟು ಮಾತುಗಾರಳೇ ಎಂದು ನಾನು ಬೆರಗಾಗಿ ನೋಡುತ್ತ ಕೂತೆ.

‘ನೀವು ಒಂದಿನ ಮನಿಗೆ ಬಂದು ಆ ಸಾರು ಮಾಡಿಕೊಡ್ತೀರೇನ್ರಿ?’ ಎಂದು ಕೊನೆಗೆ ಕೇಳಿದೆ. ಮನೆಗೆ ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ.

‘ನಾನು ಮಾಡಿದರೆ ಹೋಟೆಲಿನ ಊಟ ಆಯ್ತು ಅಕ್ಕಾ. ಇವರಿಗೆ ಎಲ್ಲ ಗೊತ್ತುಂಟಲ್ಲ, ಇವರೇ ಮಾಡಲಿ.’

‘ಬಯಕಿ ಊಟ ಬಸುರಿ ಮಾಡಿಕೊಳ್ಳಬಾರದ್ರಿ.’

‘ಹಾಗಾದ್ರೆ ನೀವು ಮಾಡಿ. ಇವರು ಕೂತು ಹೇಳಲಿ.’ ಸೌಟು ತೊಳೆಯುತ್ತ ಅಂದ. ‘ಮಜ್ಜಿಗೆ ಹುಲ್ಲು ಗೊತ್ತುಂಟಲ್ಲ? ಇಲ್ಲಿ ಗವತಿ ಚಹಾ ಅಂತಾರೆ, ಚಹಕ್ಕೆ ಹಾಕ್ತಾರೆ. ಎಲ್ಲ ಮಾರ್ಕೆಟಿನಲ್ಲಿ ಸಿಗ್ತದೆ. ನಿಂಬೆ ಎಲೆ, ಶುಂಠಿ, ಹಸಿಮೆಣಸು, ಸಿಗಡಿ. ಮೀನಿನ ಉಪ್ಪುನೀರು ಒಂದು ಇಲ್ಲಿ ಸಿಗುದಿಲ್ಲ. ಥಾಯ್ ಹೋಟೆಲು ಹುಡುಕಿ ಸುಸ್ತಾಗಬೇಡಿ. ಇದ್ದಿದ್ರೆ ನಾನೇ ಅಲ್ಲಿ ಕೆಲಸಕ್ಕೆ ಸೇರ್ತಿದ್ದೆ.’

ತಿರುಗಿ ಬರುವಾಗ ಲೋಕಲ್‌ನಲ್ಲಿ ಕೂಡಲು ಜಾಗ ಸಿಕ್ಕಿತ್ತು. ‘ಈ ಸಾರು ಎರಡು ವರ್ಷ ನೀ ಮನ್ಯಾಗ ಯಾಕ ಮಾಡಲಿಲ್ಲ?’ ಎಂದು ಕೇಳಿದೆ. ಮಾಲಿ ಕಿಟಕಿ ನೋಡುತ್ತ, ‘ಗುರು ಹೇಳ್ತಾರ, ಮನಿಗೆ ಮೀನು ಬ್ಯಾಡ. ಅಕ್ಕಗ ಗೊತ್ತಾದ್ರ ಬ್ಯಾಸರ,’ ಎಂದಳು. ಹಾಗೆಂದು ನಾನು ಒಂದು ಪತ್ರದಲ್ಲೂ ಬರೆದಿರಲಿಲ್ಲ. ಬರೆಯದೆಯೇ ಆ ಹುಡುಗ ನನಗೆ ಹೆದರಿದ್ದ. ನಾನು ನೋಡಲೂ ಬಾರದ ಖೋಲಿಯಲ್ಲಿ ಒಂದು ಜೀವ ನನ್ನ ಸಲುವಾಗಿ ಎರಡು ವರ್ಷ ಬಾಯಿ ಕಟ್ಟಿಕೊಂಡಿತ್ತು. ಅಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬುಧವಾರ ಬೆಳಿಗ್ಗೆ ಮಾಲಿಯನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಮೀನು ಮಾರುವ ಹೆಂಗಸು ನನ್ನ ಹಣೆಯ ವಿಭೂತಿ ನೋಡಿ ಒಮ್ಮೆ ಮಾಲಿಯ ಹೊಟ್ಟೆ ನೋಡಿದಳು. ಏನೂ ಕೇಳದೆ ಸಿಗಡಿ ಸುಲಿದು ಎಲೆಯಲ್ಲಿ ಕಟ್ಟಿದಳು. ಪೊಟ್ಟಣವನ್ನು ನಾನೇ ಹಿಡಿದುಕೊಂಡೆ. ಮನೆಗೆ ಬಂದು ಸ್ಟೋವ್ ಹೊತ್ತಿಸಿ, ಅವಳಿಗೆ ಹೊಸ್ತಿಲ ಹೊರಗೆ ಮಣೆ ಹಾಕಿದೆ. ಅವಳು ಹೇಳಿದಂತೆ ಹುಲ್ಲು ಜಜ್ಜಿದೆ, ಎಲೆ ಹರಿದೆ, ನೀರು ಕುದಿಸಿ ಸಿಗಡಿ ಬಿಟ್ಟೆ. ಮೀನಿನ ಉಪ್ಪುನೀರು ಇಲ್ಲವಲ್ಲ ಎಂದಾಗ ಮಾಲಿ ಎದ್ದುಹೋಗಿ ತನ್ನ ಪೆಟ್ಟಿಗೆಯ ತಳದಿಂದ, ಸೀರೆಯಲ್ಲಿ ಸುತ್ತಿದ್ದ ಒಂದು ಬಾಟಲಿ ತಂದಳು. ಬಿರಡೆ ತೆಗೆದಿರಲಿಲ್ಲ. ಎರಡು ವರ್ಷ ಅವಳು ಅದನ್ನು ಬಚ್ಚಿಟ್ಟಿದ್ದಳು. ನನ್ನ ಎದುರಿಗೆ ಹಿಡಿದು ನಿಂತಾಗ ಕಣ್ಣಲ್ಲಿ ಭಯವಿತ್ತು. ಇಸಿದುಕೊಂಡು ಬಿರಡೆ ಕಿತ್ತೆ. ಉಸಿರು ಹಿಡಿದು ಹಾಕಿದೆ.

ಉಪ್ಪು ನೋಡುವವರು ಯಾರು? ನನ್ನಿಂದಾಗದು. ಅವಳ ಅಂಗೈಗೆ ನಾಲ್ಕು ಹನಿ ಹಾಕಿದೆ. ನೆಕ್ಕಿ, ‘ನಿಂಬಿಹಣ್ಣು,’ ಎಂದಳು. ಹಿಂಡಿದೆ. ಮತ್ತೆ ನೆಕ್ಕಿದಳು. ಕಣ್ಣಿಂದ ನೀರು ಇಳಿಯಿತು, ತಟ್ಟೆ ಮುಂದೆ ಮಾಡಿದಳು. ಮೂರು ಸಲ ಬಡಿಸಿಕೊಂಡು ಉಂಡಳು. ಉಣ್ಣುವ ಬಸುರಿಯನ್ನು ನೋಡುವ ಸುಖಕ್ಕೆ ಹೆಸರಿಲ್ಲ. ಸಮುದ್ರ ನೋಡಿದೆ, ಘಾಟ ನೋಡಿದೆ, ಅರಮನೆಯಂಥ ಹೋಟೆಲು ನೋಡಿದೆ. ಆ ಖೋಲಿಯ ಹೊಸ್ತಿಲಲ್ಲಿ ನೋಡಿದ್ದೇ ದೊಡ್ಡದು.

ಸಂಜೆ ಗುರು ಬಂದಾಗ ನಾನು ಹೇಳಬೇಕೆಂದು ಬಂದ ಮಾತು ಬೇರೆಯಾಗಿತ್ತು. ‘ಆಕಿನ್ನ ಬ್ಯಾಂಕಾಕಿಗೆ ಕಳಸು. ತಿರುಗಿ ಬರೂದು ಬಿಡೂದು ಆಕಿಗೆ ಸೇರಿದ್ದು. ಬಂದಳಂದ್ರ ಈ ಮನ್ಯಾಗ ಆಕಿಗೆ ಬೇಕಾದ್ದು ಕುದೀಲಿ. ನನ್ನ ಹೆಸರು ಹೇಳಿ ಇನ್ನೊಮ್ಮೆ ಆಕಿ ಬಾಯಿ ಕಟ್ಟಿದಿ ಅಂದ್ರ ನಿನ್ನ ಸುಮ್ಮನ ಬಿಡಂಗಿಲ್ಲ.’ ಗುರು ತಲೆ ತಗ್ಗಿಸಿದ. ನಮ್ಮ ಮಾತೆಲ್ಲ ಮಾಲಿಗೆ ತಿಳಿಯಿತೆಂದು ನಾನು ಅಂದುಕೊಂಡಿರಲಿಲ್ಲ. ಅವಳು ಬಂದು ನನ್ನ ಟ್ರಂಕಿನ ಮೇಲೆ ತನ್ನ ನಾಲ್ಕು ಸೀರೆ ಇಟ್ಟಳು. ‘ಬ್ಯಾಂಕಾಕ್ ಆಮ್ಯಾಲೆ. ಕೂಸಿನ ಕರಕೊಂಡು,’ ಎಂದಳು. ‘ಈಗ ಧಾರವಾಡ. ಅಕ್ಕನ ಕೂಡ.’ ಗುರು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮರುದಿನ ಮಾಲಿಯ ಡಾಕ್ಟರಿಣಿಯನ್ನು ಕೇಳಿ, ಅವಳನ್ನು ಕರೆದುಕೊಂಡು ದಾದರಿನಲ್ಲಿ ಗಾಡಿ ಹತ್ತಿದೆ. ಅವಳ ತೊಡೆಯ ಮೇಲೆ ಒಂದು ಡಬ್ಬಿ, ಅದರಲ್ಲಿ ಬೇರು ಸಮೇತ ಮಜ್ಜಿಗೆ ಹುಲ್ಲು. ಕಿಟಕಿಯಿಂದ ನೋಡಿದರೆ ಮುಂಬಯಿಯ ಬಿಲ್ಡಿಂಗುಗಳು ಇನ್ನೂ ಮುಗಿಯುತ್ತಿರಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಒಂದೂ ಥಾಯ್ ಹೋಟೆಲು ಇಲ್ಲದ್ದು ನಮಗೆ ಒಳ್ಳೆಯದೇ ಆಯಿತು.

ಮೀರಜಿನಲ್ಲಿ ಸಣ್ಣ ಗಾಡಿಗೆ ಕಾಯುವಾಗ ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಮಾಲಿಯ ಹಸಿರು ಬಳೆ, ಹೊಟ್ಟೆ, ಹುಲ್ಲಿನ ಡಬ್ಬಿ ಎಲ್ಲ ನೋಡಿದಳು. ‘ಎಲ್ಲಿಗೆ ಹೊಂಟೀಯವ್ವಾ?’ ಎಂದು ಕೇಳಿದಳು. ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಲಿಯೇ ಹೇಳಿದಳು.

‘ತವರಿಗೆ.’